ಕ್ಯಾಮೆರಾಕ್ಕೆ ಕಾಣದಿದ್ದರೆ ಸಾಕು: ಆಟಗಾರ, ರಾಷ್ಟ್ರಗೀತೆ ಮತ್ತು ಲೀಗ್

(ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2016ರ ಸೆಪ್ಟೆಂಬರ್ 7. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಮಹಿಳೆಯರ ಫುಟ್‌ಬಾಲ್ ಲೀಗಿನ ಒಂದು ಪಂದ್ಯ. ವಾಷಿಂಗ್ಟನ್ ಸ್ಪಿರಿಟ್ ತಂಡದ ತವರು ಮೈದಾನ. ಎದುರಾಳಿ ಸಿಯಾಟಲ್ ತಂಡ. ಪ್ರೇಕ್ಷಕರು ಬಂದು ಕೂತಿದ್ದಾರೆ. ಎರಡೂ ತಂಡದವರು ಇನ್ನೂ ಡ್ರೆಸ್ಸಿಂಗ್ ರೂಮಿನಲ್ಲೇ ಇದ್ದಾರೆ. ಅಷ್ಟರಲ್ಲಿ ಹೊರಗೆ ರಾಷ್ಟ್ರಗೀತೆ ಶುರುವಾಯಿತು, ಮುಗಿದೂ ಹೋಯಿತು. ಆಟಗಾರ್ತಿಯರು ಹೊರಗೆ ಬಂದಾಗ ಎದ್ದು ನಿಲ್ಲೋದಕ್ಕೂ ಏನೂ ಉಳಿದಿರಲಿಲ್ಲ, ಮಂಡಿಯೂರುವುದಕ್ಕೂ ಏನೂ ಉಳಿದಿರಲಿಲ್ಲ.

ಕಾರಣ ಸಿಯಾಟಲ್ ತಂಡದ ಮೇಗನ್ ರಪಿನೋ. ಅದಕ್ಕೆ ಮೂರು ದಿನ ಮುಂಚೆ ಷಿಕಾಗೋ ತಂಡದ ವಿರುದ್ಧದ ಪಂದ್ಯದಲ್ಲಿ ಅವರು ಕಪ್ಪು ಜನರ ಮೇಲಿನ ದಬ್ಬಾಳಿಕೆಗೆ ಪ್ರತಿಭಟನೆಯಾಗಿ ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದ್ದರು. ಮೇರಿಲ್ಯಾಂಡಿನಲ್ಲೂ ಹಾಗೇ ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ಸ್ಪಿರಿಟ್ ತಂಡದ ಆಡಳಿತ ಇದನ್ನು ಮುಚ್ಚಿಡಲೂ ಇಲ್ಲ. ನಮ್ಮ ಕಾರ್ಯಕ್ರಮವನ್ನು ಒಬ್ಬ ಆಟಗಾರ್ತಿ ತನ್ನ ವಿಷಯಕ್ಕೆ ಬಳಸಿಕೊಳ್ಳೋದು ಬೇಡ, ಅದಕ್ಕೇ ಹಾಡನ್ನು ಮುಂಚೆ ಹಾಕಿದೆವು ಅಂತ ಹೇಳಿಕೆ ಕೊಟ್ಟಿತು. ಸ್ಪಿರಿಟ್‌ನ ಆಟಗಾರ್ತಿಯರಿಗೇ ಇದು ಇಷ್ಟವಾಗಲಿಲ್ಲ. ಅವರೂ ಬೇಸರ ಹೇಳಿಕೊಂಡರು.

ಇದನ್ನೇ ಯಾಕೆ ಮೊದಲು ಹೇಳಿದೆ ಅಂದರೆ, ಇಲ್ಲಿ ಯಾರಿಗೂ ದಂಡ ಹಾಕಿಲ್ಲ. ಅಮಾನತು ಇಲ್ಲ, ಬೈಗುಳ ಇಲ್ಲ. ಹಾಡಿನ ಹೊತ್ತನ್ನು ಸ್ವಲ್ಪ ಸರಿಸಿದರು ಅಷ್ಟೆ. ರಾಷ್ಟ್ರಗೀತೆಯ ಹೊತ್ತಿನ ಪ್ರತಿಭಟನೆ ಬಂದಾಗ ಲೀಗ್‌ಗಳು ಗೌರವ, ಒಗ್ಗಟ್ಟು, ಸಂಪ್ರದಾಯ ಅಂತೆಲ್ಲ ಮಾತಾಡುತ್ತವೆ. ಆದರೆ ಅವು ಏನು ಮಾಡಿವೆ ಅಂತ ಒಂದೊಂದಾಗಿ ನೋಡುತ್ತಾ ಹೋದರೆ, ಹೆಚ್ಚಿನ ಕಡೆ ಕಾಣೋದು ಒಂದೇ ಆಸೆ. ಇದು ಟಿವಿಯಲ್ಲಿ ಕಾಣಬಾರದು. ಇವತ್ತು ನನಗೆ ಹೇಳಬೇಕು ಅನಿಸಿರೋದು ಇಷ್ಟೇ.

ನಮಗೆ ಒಂದು ವಿಷಯ ವಿಚಿತ್ರ ಅನಿಸಬಹುದು. ನಮ್ಮಲ್ಲಿ ಐಪಿಎಲ್‌ನ ಪ್ರತಿ ಪಂದ್ಯಕ್ಕೂ ಮುಂಚೆ ಜನಗಣಮನ ಹಾಕುವ ಪದ್ಧತಿ ಇಲ್ಲ. ದೇಶ ದೇಶದ ನಡುವೆ ಪಂದ್ಯ ಇದ್ದಾಗ ಹಾಡುತ್ತೇವೆ. ಅಮೆರಿಕದಲ್ಲಿ ಹಾಗಲ್ಲ. ಊರು ಊರಿನ ತಂಡಗಳ ಆಟಕ್ಕೂ ರಾಷ್ಟ್ರಗೀತೆ ಬೇಕೇ ಬೇಕು. ಬೇಸ್‌ಬಾಲ್ ತಂಡವೊಂದು ಒಂದು ಸೀಸನ್‌ನಲ್ಲಿ 162 ಪಂದ್ಯ ಆಡುತ್ತದೆ. ಅಷ್ಟೂ ಸಲ ಹಾಡು. ಇದು ಜೋರಾಗಿದ್ದು ಯುದ್ಧದ ಕಾಲದಲ್ಲಿ. 1918ರಲ್ಲಿ, ಮೊದಲ ಮಹಾಯುದ್ಧ ನಡೀತಿದ್ದಾಗ, ಷಿಕಾಗೋದಲ್ಲಿ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಪಂದ್ಯದ ಮಧ್ಯೆ ಬ್ಯಾಂಡಿನವರು ಈ ಹಾಡು ನುಡಿಸಿದರು, ಜನ ಎದ್ದು ನಿಂತು ದನಿಗೂಡಿಸಿದರು. ಆಗ ಅದು ಅಧಿಕೃತ ರಾಷ್ಟ್ರಗೀತೆಯೇ ಆಗಿರಲಿಲ್ಲ. ಆ ಪಟ್ಟ ಸಿಕ್ಕಿದ್ದು 1931ರಲ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ದಿನಾ ಹಾಡುವ ರೂಢಿ ಬಂತು. ಯುದ್ಧ ಮುಗಿಯಿತು, ರೂಢಿ ಉಳಿಯಿತು.

ಇನ್ನೊಂದು ಸಂಗತಿ. ಅಮೆರಿಕನ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್, ಗೊತ್ತಲ್ವಾ? ಹೆಲ್ಮೆಟ್ ಹಾಕ್ಕೊಂಡು ಗುದ್ದಾಡುವ ಆಟ. ಅಲ್ಲಿ ಆಟಗಾರರು ಸಾಲಾಗಿ ನಿಂತು ರಾಷ್ಟ್ರಗೀತೆ ಕೇಳೋದು ಅನಾದಿ ಕಾಲದ ಸಂಪ್ರದಾಯ ಅನ್ನುವ ಹಾಗೆ ಮಾತಾಡುತ್ತಾರೆ. 2009ಕ್ಕೆ ಮುಂಚೆ ರಾತ್ರಿಯ ದೊಡ್ಡ ಪಂದ್ಯಗಳಲ್ಲಿ ಆಟಗಾರರು ಹಾಡಿನ ಹೊತ್ತಿಗೆ ಸಾಮಾನ್ಯವಾಗಿ ಒಳಗೇ ಇರುತ್ತಿದ್ದರು. ಟಿವಿಯವರ ಸಮಯಕ್ಕೆ ಹಾಗೆ ಅನುಕೂಲವಿತ್ತು. ಆಮೇಲೆ ಸೈನಿಕರಿಗೆ ಗೌರವ, ದೊಡ್ಡ ಬಾವುಟ, ಮೇಲೆ ಹಾರುವ ಯುದ್ಧವಿಮಾನ, ಇವೆಲ್ಲ ಜಾಸ್ತಿಯಾದವು. 2015ರಲ್ಲಿ ಜಾನ್ ಮೆಕೇನ್ ಮತ್ತು ಜೆಫ್ ಫ್ಲೇಕ್ ಎಂಬ ಇಬ್ಬರು ಸೆನೆಟರ್‌ಗಳು ಒಂದು ವರದಿ ಹೊರಗೆ ತಂದರು. ಈ ಥರದ ಪ್ರದರ್ಶನಗಳಿಗೆ ರಕ್ಷಣಾ ಇಲಾಖೆ ಹಲವು ಲೀಗ್‌ಗಳ ತಂಡಗಳಿಗೆ ಸುಮಾರು 68 ಲಕ್ಷ ಡಾಲರ್ ಕೊಟ್ಟಿತ್ತು ಅಂತ ಅದರಲ್ಲಿತ್ತು. ಮರುವರ್ಷ ಎನ್‌ಎಫ್‌ಎಲ್ 7 ಲಕ್ಷ ಡಾಲರ್‌ಗೂ ಜಾಸ್ತಿ ವಾಪಸ್ ಕೊಟ್ಟಿತು. ಇಬ್ಬರೂ ರಿಪಬ್ಲಿಕನ್ ಪಕ್ಷದವರು. ಮೆಕೇನ್ ವಿಯೆಟ್ನಾಂನಲ್ಲಿ ಯುದ್ಧಕೈದಿಯಾಗಿದ್ದವರು. ಹಾಗಾಗಿ ಈ ವರದಿಯನ್ನು ದೇಶದ್ರೋಹಿಗಳ ಕೆಲಸ ಅಂತ ತಳ್ಳಿಹಾಕಲು ಯಾರಿಗೂ ಆಗಲಿಲ್ಲ.

ಈಗ ಕಾಲಿನ್ ಕ್ಯಾಪರ್ನಿಕ್ ವಿಷಯಕ್ಕೆ ಬರೋಣ. ಎನ್‌ಎಫ್‌ಎಲ್‌ನ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ. ಈ ತಂಡದ ಮೈದಾನ ಇರೋದು ಸ್ಯಾಂಟಾ ಕ್ಲಾರಾದಲ್ಲಿ. ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸಕ್ಕೆ ಹೋದವರು ಆ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಮನೆಯವರೂ ಇರಬಹುದು. 2016ರ ಆಗಸ್ಟ್‌ನಲ್ಲಿ, ಸೀಸನ್ ಶುರುವಾಗೋದಕ್ಕೆ ಮುಂಚಿನ ಪಂದ್ಯಗಳಲ್ಲಿ, ಅವರು ಹಾಡಿನ ಹೊತ್ತಿಗೆ ಬೆಂಚಿನ ಮೇಲೆ ಸುಮ್ನೆ ಕೂತಿದ್ದರು. ಮೊದಮೊದಲು ಯಾರೂ ಗಮನಿಸಲೇ ಇಲ್ಲ. ಆಗಸ್ಟ್ 26ರ ಪಂದ್ಯದ ಒಂದು ಫೋಟೋ ಟ್ವಿಟರ್‌ಗೆ ಬಂತು, ಆಗ ವಿಷಯ ಹೊರಬಿತ್ತು. ಕಪ್ಪು ಜನರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ ಎಂಬರ್ಥದ ಮಾತು ಹೇಳಿದರು. ಪೊಲೀಸರ ಕೈಯಲ್ಲಿ ಕಪ್ಪು ಜನ ಸಾಯುತ್ತಿದ್ದದ್ದು ಅವರ ಮನಸ್ಸಿನಲ್ಲಿತ್ತು. ಅದೇ ಹೊತ್ತಿನಲ್ಲಿ ಪೊಲೀಸರನ್ನು ಹಂದಿಗಳ ಹಾಗೆ ಬಿಡಿಸಿದ ಕಾಲುಚೀಲ ಹಾಕಿಕೊಂಡು ಅಭ್ಯಾಸ ಮಾಡಿದ್ದೂ ಅವರೇ. ಅದು ಅವರ ಮಾತಿಗೆ ಸಹಾಯ ಮಾಡಲಿಲ್ಲ ಅಂತ ನನ್ನ ಅಭಿಪ್ರಾಯ.

ಕೂತಿದ್ದವರು ಮಂಡಿಯೂರಿದ್ದು ಹೇಗೆ? ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನೇಟ್ ಬಾಯರ್ ಅಂತ ಒಬ್ಬರು, ಅಮೆರಿಕ ಸೇನೆಯ ವಿಶೇಷ ದಳದಲ್ಲಿದ್ದವರು, ಆಮೇಲೆ ಸ್ವಲ್ಪ ಕಾಲ ಸಿಯಾಟಲ್‌ನ ಎನ್‌ಎಫ್‌ಎಲ್ ತಂಡದ ಜೊತೆಗೂ ಇದ್ದರು. ಸೈನಿಕರು ಓದುವ ಪತ್ರಿಕೆಯೊಂದರಲ್ಲಿ ಕ್ಯಾಪರ್ನಿಕ್‌ಗೆ ಬಹಿರಂಗ ಪತ್ರ ಬರೆದರು. ನೀವು ಕೂತದ್ದು ನೋಡಿ ನೋವಾಯಿತು, ಆದರೆ ನಿಮ್ಮ ಮಾತು ಕೇಳಲು ತಯಾರಿದ್ದೇನೆ ಅನ್ನುವ ಧಾಟಿ. ಕ್ಯಾಪರ್ನಿಕ್ ಅವರನ್ನು ಕರೆಸಿಕೊಂಡರು. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೋದ ಹೋಟೆಲಿನ ಲಾಬಿಯಲ್ಲಿ ಇಬ್ಬರೂ ಕೂತು ಮಾತಾಡಿದರು, ಜೊತೆಗೆ ಸಹ ಆಟಗಾರ ಎರಿಕ್ ರೀಡ್. ಬೆಂಚಿನ ಮೇಲೆ ಒಬ್ಬರೇ ಕೂರೋದಕ್ಕಿಂತ ಜೊತೆಯವರ ಪಕ್ಕದಲ್ಲಿ ಮಂಡಿಯೂರಿ, ನಾವು ಸೈನಿಕರು ಸತ್ತ ಗೆಳೆಯನ ಸಮಾಧಿಯ ಮುಂದೆ ಹಾಗೇ ಮಾಡುತ್ತೇವೆ ಅಂದರು ಬಾಯರ್. ಆ ರಾತ್ರಿಯ ಪಂದ್ಯ ಸೇನೆಗೆ ಗೌರವ ಸಲ್ಲಿಸುವ ಪಂದ್ಯ! ಕ್ಯಾಪರ್ನಿಕ್ ಮತ್ತು ರೀಡ್ ಮಂಡಿಯೂರಿದರು. ಬಾಯರ್ ಪಕ್ಕದಲ್ಲೇ ಎದೆಯ ಮೇಲೆ ಕೈಯಿಟ್ಟು ನೆಟ್ಟಗೆ ನಿಂತರು. ಈ ಕಥೆಯಲ್ಲಿ ಇಬ್ಬರು ಎದುರುಬದುರು ಕೂತು ಮಾತಾಡಿ ಒಂದು ದಾರಿ ಹುಡುಕಿದ್ದು ಇಲ್ಲಿ ಮಾತ್ರ. ಅದರಲ್ಲಿ ಲೀಗ್‌ನ ಪಾತ್ರ ಏನೂ ಇರಲಿಲ್ಲ.

ಲೀಗ್ ಆ ವರ್ಷ ಶಿಕ್ಷೆ ಕೊಡಲಿಲ್ಲ. ಎಲ್ಲರೂ ಎದ್ದು ನಿಲ್ಲಲಿ ಅಂತ ಆಶಿಸುತ್ತೇವೆ, ಬಲವಂತ ಇಲ್ಲ ಅಂದಿತು. ಸೀಸನ್ ಮುಗಿಯಿತು. 2017ರ ಮಾರ್ಚ್‌ನಲ್ಲಿ ಕ್ಯಾಪರ್ನಿಕ್ ತಮ್ಮ ಒಪ್ಪಂದದಿಂದ ಹೊರಬಂದರು. 32 ತಂಡಗಳಿವೆ. ಒಂದೂ ಕರೆಯಲಿಲ್ಲ. ಆಟ ಚೆನ್ನಾಗಿರಲಿಲ್ಲ, ಅದಕ್ಕೇ ಕರೆಯಲಿಲ್ಲ ಅಂದವರಿದ್ದಾರೆ. ಆ ವಾದವನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ. 2016ರಲ್ಲಿ ಅವರು ಶುರುವಿನಿಂದಲೇ ಆಡಿದ 11 ಪಂದ್ಯಗಳಲ್ಲಿ ತಂಡ ಗೆದ್ದದ್ದು ಒಂದೇ. ಆದರೆ ಅವರ ಸ್ವಂತ ಲೆಕ್ಕದಲ್ಲಿ ಅಂಕ ತಂದುಕೊಟ್ಟ ಪಾಸ್, ಅಂದರೆ ಟಚ್‌ಡೌನ್ ಪಾಸ್, 16, ಎದುರಾಳಿ ಕೈಗೆ ಹೋದ ಪಾಸ್ ನಾಲ್ಕೇ. ಕೆಲವೇ ವರ್ಷ ಮುಂಚೆ ತಂಡವನ್ನು ಸೂಪರ್ ಬೌಲ್ ಫೈನಲ್‌ಗೆ ಕರೆದೊಯ್ದಿದ್ದವರು. ಮೊದಲ ಆಯ್ಕೆ ಆಗದಿರಬಹುದು, ಬದಲಿ ಆಟಗಾರನಾಗಿಯೂ ಬೇಡವೇ?

ಆ ವರ್ಷದ ಅಕ್ಟೋಬರ್‌ನಲ್ಲಿ, ಮಾಲೀಕರೆಲ್ಲ ಒಳಗೊಳಗೇ ಸೇರಿ ನನ್ನನ್ನು ಹೊರಗಿಟ್ಟಿದ್ದಾರೆ ಅಂತ ದೂರು ಕೊಟ್ಟರು. ಲೀಗ್ ಮತ್ತು ಆಟಗಾರರ ಸಂಘದ ಒಪ್ಪಂದದಲ್ಲಿ ಹಾಗೆ ಮಾಡೋದಕ್ಕೆ ನಿಷೇಧ ಇದೆ. ದೂರನ್ನು ವಜಾ ಮಾಡಿ ಅಂತ ಲೀಗ್ ಕೇಳಿತು, ಮಧ್ಯಸ್ಥಗಾರರು ಒಪ್ಪಲಿಲ್ಲ. ವಿಚಾರಣೆ ಪೂರ್ತಿ ನಡೆಯುವ ಮುಂಚೆ, 2019ರ ಫೆಬ್ರುವರಿಯಲ್ಲಿ ರಾಜಿಯಾಯಿತು. ಎಷ್ಟು ಹಣ, ಯಾವ ಷರತ್ತು, ಎಲ್ಲಾ ಗುಟ್ಟು. ಇದೂ ಕಾಣದಂತೆ ಮುಗಿದ ವಿಷಯವೇ ಅಲ್ವಾ?

ಮಧ್ಯೆ 2017ರ ಸೆಪ್ಟೆಂಬರ್‌ಗೆ ಬರಬೇಕು. ಆ ಹೊತ್ತಿಗೆ ಮಂಡಿಯೂರುತ್ತಿದ್ದವರು ಬೆರಳೆಣಿಕೆಯಷ್ಟು ಜನ. ಸೆಪ್ಟೆಂಬರ್ 22ರಂದು ಅಲಬಾಮಾದ ಸಭೆಯಲ್ಲಿ ಅಧ್ಯಕ್ಷ ಟ್ರಂಪ್, ಬಾವುಟಕ್ಕೆ ಅಗೌರವ ತೋರುವವರನ್ನು ಮಾಲೀಕರು ಮೈದಾನದಿಂದ ಓಡಿಸಬೇಕು ಅಂದರು. ಬಳಸಿದ ಬೈಗುಳವನ್ನು ಈ ಸಭೆಯಲ್ಲಿ ಹೇಳಲಾರೆ, ಅದು ಆಟಗಾರರ ತಾಯಂದಿರಿಗೂ ತಾಗುವಂಥದ್ದು. ಆ ಭಾನುವಾರ ಇನ್ನೂರಕ್ಕೂ ಹೆಚ್ಚು ಆಟಗಾರರು ಕೂತರು ಅಥವಾ ಮಂಡಿಯೂರಿದರು. ಪಿಟ್ಸ್‌ಬರ್ಗ್ ತಂಡ ಈ ಗಲಾಟೆಯೇ ಬೇಡ ಅಂತ ಸುರಂಗದಂಥ ದಾರಿಯೊಳಗೇ ನಿಂತಿತು. ಅವರಲ್ಲಿ ಅಲೆಹಾಂಡ್ರೊ ವಿಯಾನುಯೆವಾ ಎಂಬ ಮಾಜಿ ಸೈನಿಕ ಒಬ್ಬರು ಬಾಗಿಲ ಹತ್ತಿರ ಮುಂದೆ ಬಂದು ನಿಂತರು, ಆ ಒಂದು ಚಿತ್ರ ದೇಶವೆಲ್ಲ ಹರಡಿತು. ಅವರ ಹೆಸರಿನ ಜೆರ್ಸಿಗಳು ಬಿಸಿ ದೋಸೆಯ ಹಾಗೆ ಖರ್ಚಾದವು. ಅವರಿಗೋ ಮುಜುಗರ. ತಂಡದಿಂದ ಬೇರೆಯಾಗಿ ಕಾಣಬೇಕು ಅಂತ ನಾನು ನಿಂತಿರಲಿಲ್ಲ ಅಂತ ಮರುದಿನ ಹೇಳಿಕೊಂಡರು. ಅಡಗಲು ಹೋದ ತಂಡವೇ ಎಲ್ಲರಿಗಿಂತ ಜಾಸ್ತಿ ಕಂಡಿತು.

ಡಲ್ಲಾಸ್ ತಂಡದ ಮಾಲೀಕ ಜೆರ್ರಿ ಜೋನ್ಸ್ ಅವರದ್ದು ಇನ್ನೊಂದು ಥರ. ಸೋಮವಾರ ರಾತ್ರಿಯ ಪಂದ್ಯದಲ್ಲಿ ಆಟಗಾರರ ಜೊತೆ ತೋಳಿಗೆ ತೋಳು ಹಾಕಿ ತಾವೂ ಮಂಡಿಯೂರಿದರು. ಆದರೆ ರಾಷ್ಟ್ರಗೀತೆ ಶುರುವಾಗುವ ಮುಂಚೆ. ಹಾಡಿಗೆ ಎಲ್ಲರೂ ಎದ್ದು ನಿಂತರು. ಎರಡೂ ಕಡೆಯವರಿಗೆ ಒಂದೊಂದು ಫೋಟೋ ಸಿಕ್ಕಿತು. ಎರಡು ವಾರ ಆದಮೇಲೆ, ಬಾವುಟಕ್ಕೆ ಅಗೌರವ ತೋರಿಸಿದರೆ ನಮ್ಮ ತಂಡದಲ್ಲಿ ಆಟವಿಲ್ಲ ಅಂತಲೂ ಹೇಳಿದರು.

ಆಟಗಾರರಲ್ಲಿ ಮೂರನೇ ಎರಡು ಭಾಗ ಕಪ್ಪು ಜನ. ಪ್ರಧಾನ ಮಾಲೀಕರಲ್ಲಿ ಆಗ ಕಪ್ಪು ವ್ಯಕ್ತಿ ಒಬ್ಬರೂ ಇರಲಿಲ್ಲ. ಈ ಅಂತರವನ್ನು ತಲೆಯಲ್ಲಿಟ್ಟುಕೊಂಡು ಮುಂದಿನದ್ದು ಕೇಳಿ. 2018ರ ಮೇ 23ರಂದು ಅಟ್ಲಾಂಟಾದಲ್ಲಿ ಮಾಲೀಕರು ಸಭೆ ಸೇರಿ ಹೊಸ ನಿಯಮ ಮಾಡಿದರು. ಮೈದಾನದಲ್ಲಿದ್ದರೆ ಎದ್ದು ನಿಲ್ಲಲೇಬೇಕು. ಇಷ್ಟವಿಲ್ಲದವರು ಡ್ರೆಸ್ಸಿಂಗ್ ರೂಮಿನಲ್ಲೇ ಇರಬಹುದು. ಮೈದಾನದಲ್ಲಿ ಯಾರಾದರೂ ಕೂತರೆ ದಂಡ ತಂಡಕ್ಕೆ. ಮದುವೆ ಮನೆಯಲ್ಲಿ ಬೀಗರ ಜಗಳ ಶುರುವಾದರೆ ಹಿರಿಯರು, ಏನಿದ್ದರೂ ಒಳಗೆ ಹೋಗಿ ಮಾತಾಡಿ ಅನ್ನುತ್ತಾರಲ್ಲ, ಅದೇ ಇದು. ಜಗಳ ಏನು ಅಂತ ಯಾರೂ ಕೇಳೋದಿಲ್ಲ. ನೆಂಟರಿಗೆ ಕಾಣಬಾರದು ಅಷ್ಟೆ.

ಮಾಲೀಕರಲ್ಲೂ ಎಲ್ಲರಿಗೂ ಒಪ್ಪಿಗೆ ಇರಲಿಲ್ಲ. ಕ್ಯಾಪರ್ನಿಕ್ ಆಡಿದ್ದ ತಂಡದ ಜೆಡ್ ಯಾರ್ಕ್ ಮತ ಹಾಕದೆ ದೂರ ಉಳಿದರು. ನ್ಯೂಯಾರ್ಕ್ ಜೆಟ್ಸ್‌ನ ಕ್ರಿಸ್ಟೋಫರ್ ಜಾನ್ಸನ್, ನಮ್ಮ ಆಟಗಾರರು ಮಂಡಿಯೂರಿದರೆ ದಂಡ ನಾನು ಕಟ್ಟುತ್ತೇನೆ, ಅವರ ಮೇಲೆ ಹಾಕುವುದಿಲ್ಲ ಅಂದರು. ಆಟಗಾರರ ಸಂಘವನ್ನು ಕೇಳದೇ ಮಾಡಿದ ನಿಯಮ ಅದು, ಹಾಗಾಗಿ ಜುಲೈನಲ್ಲಿ ಸಂಘ ತಕರಾರು ಹಾಕಿತು. ಅದೇ ತಿಂಗಳು ಮಯಾಮಿ ತಂಡದ ಶಿಸ್ತಿನ ಪಟ್ಟಿ ಪತ್ರಕರ್ತರ ಕೈಗೆ ಸಿಕ್ಕಿತು. ನಾಲ್ಕು ಪಂದ್ಯಗಳ ತನಕ ಅಮಾನತು ಮಾಡಬಹುದು ಅಂತ ಅದರಲ್ಲಿತ್ತು. ಗದ್ದಲ ಎದ್ದ ಕೆಲವೇ ಗಂಟೆಗಳಲ್ಲಿ ಲೀಗ್ ಮತ್ತು ಸಂಘ ಸೇರಿ ನಿಯಮವನ್ನು ತಡೆಹಿಡಿದವು. ಆ ನಿಯಮದಡಿ ಒಬ್ಬರಿಗೂ ದಂಡ ಬೀಳಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ವಾಕ್ ಸ್ವಾತಂತ್ರ್ಯ ಇಲ್ವಾ ಅಲ್ಲಿ? ಇದೆ, ಆದರೆ ಅದು ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಮಾಲೀಕನನ್ನಲ್ಲ. 1943ರಲ್ಲಿ ವೆಸ್ಟ್ ವರ್ಜೀನಿಯಾದ ಶಾಲಾ ಮಕ್ಕಳ ಪ್ರಕರಣ. ಯೆಹೋವನ ಸಾಕ್ಷಿಗಳು ಎಂಬ ಪಂಥದವರು. ಬಾವುಟಕ್ಕೆ ವಂದಿಸುವಂತೆ ಮಕ್ಕಳನ್ನು ಸರ್ಕಾರ ಬಲವಂತ ಮಾಡುವ ಹಾಗಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಗ ನಡೀತಿದ್ದದ್ದು ಮಹಾಯುದ್ಧ, ನೆನಪಿರಲಿ. ಅದೇ ಪಂಥದ ಮೂರು ಮಕ್ಕಳನ್ನು 1985ರಲ್ಲಿ ಕೇರಳದ ಶಾಲೆಯೊಂದು ಹೊರಹಾಕಿತು. ಜನಗಣಮನಕ್ಕೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಮರುವರ್ಷ ನಮ್ಮ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು, ಅಮೆರಿಕದ ಆ ತೀರ್ಪನ್ನೂ ಚರ್ಚಿಸಿತು. ಬರೆದವರು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ. ಕ್ಯಾಪರ್ನಿಕ್ ಮಂಡಿಯೂರುತ್ತಿದ್ದ ಅದೇ ವರ್ಷ, 2016ರ ನವೆಂಬರ್ 30ರಂದು, ನಮ್ಮ ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಅಂತ ಇದೇ ಕೋರ್ಟಿನ ಆದೇಶ ಬಂತು. 2018ರ ಜನವರಿಯಲ್ಲಿ ಕೋರ್ಟೇ ಕಡ್ಡಾಯ ಅನ್ನೋದನ್ನು ತೆಗೆಯಿತು. ಶಾಲೆ, ಸಿನಿಮಾ ಮಂದಿರದ ವಿಷಯಕ್ಕೆ ಕೋರ್ಟ್ ಇದೆ. ಲೀಗಿನ ಆಟಗಾರನಿಗೆ ಇರೋದು ಸಂಘ ಮತ್ತು ಒಪ್ಪಂದದ ಕಾಗದ.

ಲೀಗಿನ ನಿಯಮ ಪುಸ್ತಕದಲ್ಲೇ ಎದ್ದು ನಿಲ್ಲಬೇಕು ಅಂತಿದ್ದರೆ? ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಯಲ್ಲಿ ಹಾಗಿದೆ. 1996ರಲ್ಲಿ ಡೆನ್ವರ್ ತಂಡದ ಮಹಮೂದ್ ಅಬ್ದುಲ್ ರೌಫ್ ಇದಕ್ಕೆ ಸಿಕ್ಕಿಬಿದ್ದರು. ಮಿಸಿಸಿಪಿಯ ಹುಡುಗ, ಹುಟ್ಟು ಹೆಸರು ಕ್ರಿಸ್ ಜ್ಯಾಕ್ಸನ್. ಇಸ್ಲಾಂಗೆ ಸೇರಿ ಹೆಸರು ಬದಲಿಸಿಕೊಂಡಿದ್ದರು. ಆ ಬಾವುಟ ದಬ್ಬಾಳಿಕೆಯ ಗುರುತು ಅಂತ ಅವರ ನಂಬಿಕೆ. ತಿಂಗಳುಗಟ್ಟಲೆ ಹಾಡಿನ ಹೊತ್ತಿಗೆ ಒಳಗೆ ಇರುತ್ತಿದ್ದರು, ಇಲ್ಲವೇ ಕೂತಿರುತ್ತಿದ್ದರು. ಯಾರಿಗೂ ತೊಂದರೆ ಆಗಿರಲಿಲ್ಲ. ರೇಡಿಯೊ, ಪತ್ರಿಕೆಗಳಲ್ಲಿ ಸುದ್ದಿಯಾಯಿತು ನೋಡಿ, ಆಗ ಲೀಗ್‌ಗೆ ನಿಯಮ ನೆನಪಾಯಿತು. ಮಾರ್ಚ್ 12ರಂದು ಅಮಾನತು, ಒಂದೊಂದು ಪಂದ್ಯಕ್ಕೂ 31,707 ಡಾಲರ್ ಕಡಿತ. ಒಂದು ಪಂದ್ಯ ಕಳೆಯೋದರೊಳಗೆ ರಾಜಿ. ಎದ್ದು ನಿಲ್ಲುತ್ತಾರೆ, ಆದರೆ ತಲೆ ತಗ್ಗಿಸಿ ಬೊಗಸೆಯೊಡ್ಡಿ ಪ್ರಾರ್ಥನೆ ಮಾಡುತ್ತಾರೆ. ಲೀಗ್‌ಗೆ ನಿಂತ ಮನುಷ್ಯ ಬೇಕಿತ್ತು, ಸಿಕ್ಕಿತು. ಷಿಕಾಗೋದಲ್ಲಿ ಹಾಗೆ ನಿಂತು ಪ್ರಾರ್ಥಿಸುವಾಗ ಜನ ಕೂಗಾಡಿದರು. ಆ ಸೀಸನ್‌ನಲ್ಲಿ ತಂಡಕ್ಕೆ ಎಲ್ಲರಿಗಿಂತ ಜಾಸ್ತಿ ಅಂಕ ತಂದವರು ಅವರೇ. ಸೀಸನ್ ಮುಗಿದ ಮೇಲೆ ಸ್ಯಾಕ್ರಮೆಂಟೊಗೆ ದಾಟಿಸಿದರು. ಎರಡು ವರ್ಷದಲ್ಲಿ ಲೀಗ್‌ನಿಂದಲೇ ಹೊರಗೆ. ಆಮೇಲೆ ಒಂದು ಸೀಸನ್ ಮಾತ್ರ ಮತ್ತೆ ಬಂದು ಹೋದರು.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಅಧಿಕಾರಿಯ ಮಂಡಿಯ ಕೆಳಗೆ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಲೀಗ್‌ಗಳ ಮಾತು ಬದಲಾಯಿತು. ಎನ್‌ಎಫ್‌ಎಲ್ ಆಟಗಾರರು ತಾವೇ ಒಂದು ವಿಡಿಯೊ ಮಾಡಿ ಹಾಕಿದರು. ಮರುದಿನ, ಜೂನ್ 5ರಂದು, ಕಮಿಷನರ್ ರೋಜರ್ ಗುಡೆಲ್, ಆಟಗಾರರ ಮಾತು ಮುಂಚೆಯೇ ಕೇಳದೆ ತಪ್ಪು ಮಾಡಿದೆವು ಅಂದರು. ಗುಡೆಲ್ ಆ ಮಾತು ಹೇಳಿದ ವಿಡಿಯೊದಲ್ಲಿ ಕ್ಯಾಪರ್ನಿಕ್ ಹೆಸರು ಒಮ್ಮೆಯೂ ಬರಲಿಲ್ಲ. ರಪಿನೋ ಕಾರಣಕ್ಕೆ 2017ರಲ್ಲಿ ಎದ್ದು ನಿಲ್ಲಲೇಬೇಕು ಅಂತ ನಿಯಮ ಮಾಡಿದ್ದ ಅಮೆರಿಕದ ಫುಟ್‌ಬಾಲ್ (ಸಾಕರ್) ಸಂಸ್ಥೆ ಅದನ್ನು ವಾಪಸ್ ತೆಗೆದುಕೊಂಡಿತು. ಜುಲೈ 30ರಂದು ಒರ್ಲ್ಯಾಂಡೊದಲ್ಲಿ ಎನ್‌ಬಿಎ ಪಂದ್ಯಗಳು ಮತ್ತೆ ಶುರುವಾದಾಗ ಎಲ್ಲಾ ಆಟಗಾರರೂ ಒಟ್ಟಿಗೆ ಮಂಡಿಯೂರಿದರು. ಅಬ್ದುಲ್ ರೌಫ್‌ಗೆ ಸಂಬಳ ಕಡಿತ ಮಾಡಿದ ನಿಯಮ ಪುಸ್ತಕದಲ್ಲಿ ಹಾಗೇ ಇತ್ತು. ಕಮಿಷನರ್ ಆಡಮ್ ಸಿಲ್ವರ್, ಈ ವಿಶೇಷ ಸಂದರ್ಭದಲ್ಲಿ ಅದನ್ನು ಜಾರಿ ಮಾಡುವುದಿಲ್ಲ ಅಂದರು. ಒಬ್ಬ ಮಾಡಿದರೆ ಅಶಿಸ್ತು, ಎಲ್ಲರೂ ಮಾಡಿದರೆ ವಿಶೇಷ ಸಂದರ್ಭ.

ನನಗೆ ತುಂಬಾ ಇಷ್ಟವಾದ ಪ್ರಸಂಗ ಇದರ ಮುಂದಿನದ್ದು. ಮುಂದಿನ ಸೀಸನ್‌ನಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಮಾಲೀಕ ಮಾರ್ಕ್ ಕ್ಯೂಬನ್ ತವರು ಪಂದ್ಯಗಳಲ್ಲಿ ರಾಷ್ಟ್ರಗೀತೆ ಹಾಕೋದನ್ನೇ ನಿಲ್ಲಿಸಿದರು. ಘೋಷಣೆ ಏನೂ ಮಾಡಲಿಲ್ಲ. ಕೋವಿಡ್ ಕಾಲ, ಪ್ರೇಕ್ಷಕರೂ ಹೆಚ್ಚುಕಡಿಮೆ ಇಲ್ಲ. 13 ಪಂದ್ಯ ಹಾಗೇ ನಡೆದವು. ಯಾರೂ ಕೇಳಲಿಲ್ಲ! 2021ರ ಫೆಬ್ರುವರಿಯಲ್ಲಿ ಪತ್ರಕರ್ತರೊಬ್ಬರು ಗಮನಿಸಿ ಬರೆದರು. ಮರುದಿನವೇ ಲೀಗ್‌ನ ಹೇಳಿಕೆ ಬಂತು, ಎಲ್ಲಾ ತಂಡಗಳೂ ಹಾಡು ಹಾಕಲೇಬೇಕು. ಹಾಡು ಇಲ್ಲದ್ದರಿಂದ 13 ಪಂದ್ಯಗಳಲ್ಲಿ ಯಾರ ದೇಶಪ್ರೇಮಕ್ಕೂ ಏಟು ಬಿದ್ದಿರಲಿಲ್ಲ. ಸುದ್ದಿಯಾದ ಮೇಲೆ ಬಿತ್ತು.

ಕ್ರಿಕೆಟ್ ಬಿಟ್ಟು ಮಾತು ಮುಗಿಸಿದರೆ ನೀವು ನನ್ನನ್ನು ಬಿಡೋದಿಲ್ಲ. 2021ರ ಅಕ್ಟೋಬರ್ 24, ದುಬೈ, ಟಿ20 ವಿಶ್ವಕಪ್‌ನಲ್ಲಿ ಭಾರತ–ಪಾಕಿಸ್ತಾನ. ಆಟ ಶುರುವಾಗುವ ಮುಂಚೆ ನಮ್ಮ ಆರಂಭಿಕರು ರೋಹಿತ್ ಶರ್ಮಾ ಮತ್ತು ನಮ್ಮ ಕೆ.ಎಲ್. ರಾಹುಲ್ ಪಿಚ್ ಹತ್ತಿರ ಮಂಡಿಯೂರಿದರು, ಉಳಿದವರು ಬೌಂಡರಿ ಗೆರೆಯಲ್ಲಿ. ರಾಷ್ಟ್ರಗೀತೆಯ ಹೊತ್ತಿನಲ್ಲಲ್ಲ, ಬೇರೆಯಾಗಿ. ತಂಡದ ಆಡಳಿತದಿಂದ ಸೂಚನೆ ಬಂದಿತ್ತು ಅಂತ ಕೊಹ್ಲಿ ಆಮೇಲೆ ಹೇಳಿದರು. ಎರಡು ದಿನ ಬಿಟ್ಟು ಅದೇ ಊರಿನಲ್ಲಿ ದಕ್ಷಿಣ ಆಫ್ರಿಕಾ ಮಂಡಳಿ, ವೆಸ್ಟ್ ಇಂಡೀಸ್ ಪಂದ್ಯಕ್ಕೆ ಎಲ್ಲರೂ ಮಂಡಿಯೂರಲೇಬೇಕು ಅಂತ ಆಜ್ಞೆ ಹೊರಡಿಸಿತು. ಅದೂ ಪಂದ್ಯದ ದಿನವೇ. ಕ್ವಿಂಟನ್ ಡಿ ಕಾಕ್ ಒಪ್ಪದೆ ಆ ಪಂದ್ಯದಿಂದ ಹೊರಗುಳಿದರು. ನನ್ನ ಮಲತಾಯಿ ಕಪ್ಪು ವರ್ಣದವರು, ನಾನು ಜನಾಂಗೀಯವಾದಿ ಅಲ್ಲ, ಬಲವಂತ ಮಾಡಿದ ರೀತಿ ಸರಿ ಇರಲಿಲ್ಲ ಅಂತ ವಿವರಿಸಿ, ಮುಂದಿನ ಪಂದ್ಯದಲ್ಲಿ ಮಂಡಿಯೂರಿದರು. ಅಮೆರಿಕದಲ್ಲಿ ಎದ್ದು ನಿಲ್ಲು ಅನ್ನುವ ಆಜ್ಞೆ, ಇಲ್ಲಿ ಮಂಡಿಯೂರು ಅನ್ನುವ ಆಜ್ಞೆ. ಟಿವಿಯಲ್ಲಿ ಎಲ್ಲರೂ ಒಂದೇ ಥರ ಕಾಣಬೇಕು ಅನ್ನೋದು ಎರಡೂ ಕಡೆ ಒಂದೇ. ನನಗೆ ಎರಡೂ ಹಿಡಿಸುವುದಿಲ್ಲ, ಡಿ ಕಾಕ್ ಅವರ ಮೊದಲ ನಿರ್ಧಾರವೂ ಹಿಡಿಸಿರಲಿಲ್ಲ.

(ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.)

ಹಾಡಿನ ಹೊತ್ತಿಗೇ ಯಾಕೆ, ಬೇರೆ ಹೊತ್ತಿನಲ್ಲಿ ಪ್ರತಿಭಟಿಸಬಹುದಲ್ಲ ಅಂತ ಒಬ್ಬರು ಕೇಳಿದರು. ಬೇರೆ ಹೊತ್ತಿನಲ್ಲೂ ಮಾಡುತ್ತಾರೆ, ನಮಗೆ ಗೊತ್ತಾಗೋದಿಲ್ಲ. ಕ್ಯಾಪರ್ನಿಕ್ ಹತ್ತು ಲಕ್ಷ ಡಾಲರ್ ಬೇರೆ ಬೇರೆ ಸಂಘಟನೆಗಳಿಗೆ ಹಂಚಿದರು. ಅದನ್ನು ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ ಅಂದೆ, ಎರಡು ಕೈ ಮೇಲೆ ಬಂದವು. ಇರಾನ್ ಆಟಗಾರರು 2022ರ ನವೆಂಬರ್ 21ರಂದು ಕತಾರ್ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಪಂದ್ಯಕ್ಕೆ ಮುಂಚೆ ತುಟಿ ಬಿಚ್ಚದೆ ನಿಂತರು. ಇರಾನಿನಲ್ಲಿ ಮಹ್ಸಾ ಅಮೀನಿ ಎಂಬ ಯುವತಿ ಪೊಲೀಸರ ವಶದಲ್ಲಿ ಸತ್ತ ನಂತರದ ದಿನಗಳು ಅವು. ಅವರು ಎದ್ದೇ ನಿಂತಿದ್ದರು, ಹಾಡಲಿಲ್ಲ ಅಷ್ಟೆ. ನಾಲ್ಕು ದಿನ ಆದಮೇಲೆ ವೇಲ್ಸ್ ಪಂದ್ಯದಲ್ಲಿ ಹಾಡಿದರು. ಹಾಡುವಾಗ ಅವರ ಮುಖ ಹೇಗಿತ್ತು ಅಂತ ವಿಡಿಯೊ ಹುಡುಕಿ ನೋಡಿ.

ಕ್ಯಾಪರ್ನಿಕ್‌ಗೆ ಮತ್ತೆ ಆಡಲು ಅವಕಾಶ ಸಿಕ್ಕಿತಾ ಅನ್ನೋದು ಇನ್ನೊಂದು ಪ್ರಶ್ನೆ. ಇಲ್ಲ. 2017ರ ಜನವರಿ 1ರಂದು ಸಿಯಾಟಲ್ ವಿರುದ್ಧ ಆಡಿದ್ದೇ ಕೊನೆ. ಆಗ ಅವರ ವಯಸ್ಸು 29. ಜೊತೆಗೆ ಮಂಡಿಯೂರಿದ್ದ ಎರಿಕ್ ರೀಡ್‌ಗೆ 2018ರಲ್ಲಿ ಕ್ಯಾರೊಲಿನಾ ತಂಡ ಕೆಲಸ ಕೊಟ್ಟಿತು. ಅಲ್ಲೂ ಅವರು ಮಂಡಿಯೂರುವುದನ್ನು ಬಿಡಲಿಲ್ಲ.